ಬಾಟ್ಲಿ ನನ್ನದು, ಎಣ್ಣೆ ನನ್ನದಲ್ಲ

ಆ ಬೆಳಿಗ್ಗೆಯೂ ಎಂದಿನಂತೆ ಗಂಡನಿಗೆ ಚಹಾ ಕೊಟ್ಟು, ಅತ್ತೆಗೆ ಗಂಜಿ ಬಡಿಸಿ, ತೆಂಗಿನಕಾಯಿ ತುರಿದು ಹಾಲು ಹಿಂಡಿ ಉರುಳಿಯಲ್ಲಿ ಕಾಯಿಸಲು ಇಟ್ಟೆ. ನೀರೆಲ್ಲ ಆರಿ ಎಣ್ಣೆ ಬಿಡುವವರೆಗೆ ಸೌಟು ಕೆಳಗಿಡುವಂತಿಲ್ಲ. ತಳದ ಗಸಿ ಹೊಂಬಣ್ಣಕ್ಕೆ ಬಂದ ಕೂಡಲೇ ಇಳಿಸಿದರೆ ಎಳೆ ಮಗುವಿನ ಮೈಗೆ ಹಚ್ಚುವ ಎಣ್ಣೆ. ಸ್ವಲ್ಪ ತಡವಾದರೆ ಒಗ್ಗರಣೆಗೆ.

ವಾಮದಪದವಿನ ನಮ್ಮ ಅಡುಗೆಮನೆಯ ಈ ಎಣ್ಣೆ ಮೂಡುಬಿದಿರೆಯ ಒಂದು ಅಂಗಡಿಗೆ ಹೋಗುತ್ತದೆ. ಬಾಣಂತಿ ಇರುವ ಮನೆಯವರು ಕೇಳಿಕೊಂಡು ಬಂದು ಒಯ್ಯುತ್ತಾರೆ. ಪ್ರತಿ ಬಾಟ್ಲಿಯ ಲೇಬಲಿನ ಮೇಲೂ ಒಂದು ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ನಮ್ಮ ಮನೆಯ ಹೆಸರು ಮತ್ತು ಎಣ್ಣೆ ಕಾಯಿಸಿದ ದಿನ ಕಾಣಿಸುತ್ತದೆ.

ಉರುಳಿ ಇಳಿಸುವಷ್ಟರಲ್ಲಿ ಪುತ್ತಿಗೆಯಿಂದ ಫೋನ್ ಬಂತು. ಮಗಳ ಬಾಣಂತನ ಮಾಡುತ್ತಿದ್ದ ತಾಯಿ.

“ಅಕ್ಕ, ಹೇಳ್ಲಿಕ್ಕೆ ಒಂಥರಾ ಆಗ್ತದೆ. ನಿಮ್ಮ ಎಣ್ಣೆ ಹಚ್ಚಿದ ಮೇಲೆ ಮಗುವಿನ ಕುತ್ತಿಗೆ, ಕಂಕುಳು ಎಲ್ಲ ಕೆಂಪು ಕೆಂಪು. ಡಾಕ್ಟ್ರು ಇನ್ನು ಹಚ್ಚುವುದು ಬೇಡ ಹೇಳಿದ್ರು.”

“ಪರಿಮಳ ಹೇಗೆ ಉಂಟು?”

“ಒಳ್ಳೆ ಉಂಟು. ಸೆಂಟಿನ ಹಾಗೆ.”

ನನ್ನ ಎಣ್ಣೆಗೆ ಇರುವುದು ಕಾಯಿಹಾಲಿನ ವಾಸನೆ ಮಾತ್ರ. ಯಾರೋ ಏನನ್ನೋ ನನ್ನ ಹೆಸರಿನಲ್ಲಿ ಹದಿನೈದು ದಿನದ ಮಗುವಿನ ಮೈಗೆ ಹಚ್ಚಿಸಿದ್ದರು. ಇನ್ನು ಯಾವ ತಾಯಿ ನನ್ನ ಬಾಟ್ಲಿಯ ಮುಚ್ಚಳ ತೆಗೆದಾಳು?

“ಅಂಗಡಿಯವರು ಅಪ್ಪನ ಕಾಲದ ಪರಿಚಯ. ಫೋನಿನಲ್ಲಿ ಮೆಲ್ಲ ಹೇಳುವ,” ಎಂದರು ಗಂಡ.

“ನೀವು ಮೆಲ್ಲ ಹೇಳಿ. ನಾನು ಹೋಗ್ತೇನೆ,” ಎಂದು ಬಸ್ಸು ಹತ್ತಿದೆ.

ಅಂಗಡಿಯ ಕಪಾಟಿನಲ್ಲಿ ಹನ್ನೊಂದು ಬಾಟ್ಲಿಗಳಿದ್ದವು. ಲೇಬಲಿನ ಮೂಲೆಗಳು ನೀರಿನಲ್ಲಿ ನೆನೆದು ಒಣಗಿದಂತೆ ಸ್ವಲ್ಪ ಎದ್ದಿದ್ದವು. ಮುಚ್ಚಳಗಳು ನನ್ನವಕ್ಕಿಂತ ಬಿಳಿ. ಅಂಗಡಿಯವರು ಒಂದಕ್ಕೆ ಮೊಬೈಲ್ ಹಿಡಿದರು.

“ನೋಡಿ ಅಕ್ಕ, ನಿಮ್ಮದೇ ಅಂತ ಬರ್ತದೆ. ಮತ್ತೆಂತ?”

“ಕಾಯಿಸಿದ ದಿನ ಓದಿ.”

ಓದಿದರು. ದೀಪಾವಳಿಗೂ ಮೊದಲಿನ ದಿನಾಂಕ.

“ಆ ಸಲದ್ದು ನಿಮ್ಮ ಅಂಗಡಿಯಲ್ಲೇ ಮಾರಿ ಮುಗಿದು ಎಷ್ಟು ಕಾಲ ಆಯ್ತು. ಬಾಟ್ಲಿ ನನ್ನದು, ಎಣ್ಣೆ ನನ್ನದಲ್ಲ. ಯಾರು ತಂದದ್ದು?”

“ಸ್ಕೂಟರಿನಲ್ಲಿ ಒಬ್ಬ ಬಂದ. ನಿಮ್ಮ ಮನೆಯಿಂದಲೇ ಅಂದ. ನಿಮ್ಮ ಹೆಸರು ಹೇಳಿದವನ ಹತ್ತಿರ ಗುರುತಿನ ಚೀಟಿ ಕೇಳ್ಲಿಕ್ಕೆ ಆಗ್ತದಾ?”

ಆಗ ನನ್ನ ಪೆದ್ದುತನ ನನಗೇ ಹೊಳೆಯಿತು. ನಮ್ಮ ಕಡೆ ಗಾಜಿನ ಬಾಟ್ಲಿಯನ್ನು ಯಾರೂ ಎಸೆಯುವುದಿಲ್ಲ. ತೊಳೆದು, ಬಿಸಿಲಿಗೆ ಕವುಚಿ, ಗುಜರಿಯವನು ಬಂದಾಗ ಕೊಡುತ್ತೇವೆ. ಎಣ್ಣೆ ತಾಗಿದರೂ ನೀರು ಬಿದ್ದರೂ ಮಾಸಬಾರದು ಎಂದು ಹಠ ಹಿಡಿದು ಗಟ್ಟಿ ಲೇಬಲ್ ಮಾಡಿಸಿದವಳು ನಾನೇ. ಎಣ್ಣೆ ಮುಗಿದು ಗುಜರಿಗೆ ಹೋದ ಬಾಟ್ಲಿಗೆ ಯಾರು ಏನು ತುಂಬಿದರೂ ಅದು ನನ್ನ ಪರವಾಗಿ ಸಾಕ್ಷಿ ಹೇಳುತ್ತಲೇ ಇತ್ತು.

ಒಂದು ಬ್ಲೇಡು ಕೇಳಿ ತೆಗೆದುಕೊಂಡೆ. ಎರಡು ಬಾಟ್ಲಿಗಳನ್ನು ಮರುದಿನ ದೂರು ಕೊಡಲೆಂದು ಚೀಲಕ್ಕೆ ಹಾಕಿ, ಉಳಿದ ಒಂಬತ್ತರ ಕೋಡನ್ನು ಗಲ್ಲಾದ ಎದುರೇ ಕೆರೆಯತೊಡಗಿದೆ. ಸಾಮಾನಿಗೆ ಬಂದವರು ಯಾಕೆಂದು ಕೇಳಿದರೆ ಒಬ್ಬೊಬ್ಬರಿಗೂ ಹೇಳಿದೆ, ಇದು ನನ್ನ ಎಣ್ಣೆ ಅಲ್ಲ, ಮಗುವಿಗೆ ಹಚ್ಚಬೇಡಿ.

“ಮೆಲ್ಲ ಅಕ್ಕ, ಗಿರಾಕಿಗಳಿದ್ದಾರೆ.”

ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತದ್ದೇ ಮೆಲ್ಲ ಮಾತಾಡುವುದನ್ನು. ಸ್ವರ ಏರಿಸಲಿಲ್ಲ; ಬಾಯಿ ಮುಚ್ಚಲೂ ಇಲ್ಲ. ಕೊನೆಯ ಬಾಟ್ಲಿ ಮುಗಿಯುವಾಗ ಅಂಗಡಿಯವರೇ ರಟ್ಟಿನ ಪೆಟ್ಟಿಗೆ ತಂದು ಎಲ್ಲವನ್ನೂ ಅದಕ್ಕೆ ತುಂಬಿ ಒಳಗಿಟ್ಟರು.

ಅಲ್ಲಿಂದ ನೇರ ಬಂಟ್ವಾಳಕ್ಕೆ, ಲೇಬಲ್ ಮುದ್ರಿಸುವವರಲ್ಲಿಗೆ. ಮೊಬೈಲ್ ರಿಪೇರಿಯವರು ಸ್ಕ್ರೂ ಮೇಲೆ ಅಂಟಿಸುವ, ಕೀಳಲು ಹೋದರೆ ಪುಡಿಯಾಗುವ ಕಾಗದ ಅವರಲ್ಲಿತ್ತು. ಕೋಡ್ ಇನ್ನು ಅದರ ಮೇಲೆ, ಮುಚ್ಚಳದಿಂದ ಬಾಟ್ಲಿಯ ಕತ್ತಿನವರೆಗೆ. ತೆರೆದರೆ ಹರಿಯಬೇಕು. ಒಮ್ಮೆ ನೋಡಿದ ಕೋಡಿಗೆ ಮತ್ತೆ ಮೊಬೈಲ್ ಹಿಡಿದರೆ ‘ಇದನ್ನು ಮೊದಲೇ ನೋಡಲಾಗಿದೆ’ ಎಂದು ಬರಬೇಕು.

“ಮನೆ ಎಣ್ಣೆಗೆ ಇಷ್ಟೆಲ್ಲ ಯಾಕೆ ಅಕ್ಕ?”

“ಮನೆ ಎಣ್ಣೆ ಅಂತಲೇ.”

ಕಾಯುತ್ತಾ ಪುತ್ತಿಗೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಮಗುವಿನ ಕೆಂಪು ಇಳಿಯುತ್ತಿದೆ ಎಂದರು. ಇನ್ನೊಮ್ಮೆ ನನ್ನ ಎಣ್ಣೆ ಬೇಕು ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಜಗಲಿಯಲ್ಲಿ ಕೂತು ಹೊಸ ಚೀಟಿ ಅಂಟಿಸುತ್ತಿದ್ದೆ. ಬಸಳೆ ಕೊಯ್ಯಲು ಬಂದ ಪಕ್ಕದ ಮನೆಯ ಅಕ್ಕ ನಿಂತು ನೋಡಿದರು. ಕಥೆಯನ್ನೆಲ್ಲ ಹೇಳಿ, ಹೆಚ್ಚಾಗಿ ಉಳಿದ ಒಂದು ಚೀಟಿಗೆ ಮೊಬೈಲ್ ಹಿಡಿದು ಕೋಡನ್ನೂ ತೋರಿಸಿದೆ. ಅವರ ಕಣ್ಣು ಬಸಳೆಯ ಕಟ್ಟಿನ ಮೇಲೇ ಇತ್ತು.

“ಈ ಮೊಬೈಲ್ ಹಿಡಿಯುವ ವಿದ್ಯೆ ಎಲ್ಲ ನನಗೆ ಬೇಡ ಮಾರಾಯ್ತಿ,” ಎಂದು ಹೊರಡುತ್ತಾ ಅಂದರು. “ಸೊಸೆಗೆ ಏಳು ತಿಂಗಳಾಯ್ತು. ನಾಲ್ಕು ಬಾಟ್ಲಿ ಬದಿಗೆ ಇಡು.”