ಎಂಟು ಗಂಟೆ ಬಸ್ಸಿನ ಮಕ್ಕಳು

"ಸಂಜೆ ಕ್ಲಾಸು ಎಲ್ಲರಿಗೂ ಐತೆ ಅಂತೀರಿ. ನಮ್ಮ ಹುಡುಗಿ ಕುಂತ್ರೆ ಬಸ್ಸು ಕಾಯ್ತೈತೇನ್ರೀ?"

ಜಗಳೂರಿನಲ್ಲಿ ನನ್ನ ಮಗ ಓದುವ ಪ್ರೌಢಶಾಲೆಯ ಪೋಷಕರ ಸಭೆ. ಹತ್ತನೇ ತರಗತಿಯವರಿಗೆ ಸಂಜೆ ನಡೆಸುವ ಉಚಿತ ವಿಶೇಷ ತರಗತಿಯಲ್ಲಿ ಹಳ್ಳಿ ಮಕ್ಕಳಿಗೆ ಆಸಕ್ತಿಯೇ ಇಲ್ಲವೆಂದು ಹೆಡ್ ಮಾಸ್ಟರು ಬೇಸರಪಟ್ಟುಕೊಂಡ ಕೂಡಲೇ ಸೊಕ್ಕೆ ಹಳ್ಳಿಯ ತಾಯಿಯೊಬ್ಬರು ಎದ್ದು ಹೀಗೆ ಕೇಳಿದರು. ಶಾಲೆ ಬಿಟ್ಟೊಡನೆ ಹೊರಡುವ ಬಸ್ಸು ತಪ್ಪಿದರೆ ಆ ಮಕ್ಕಳಿಗೆ ಊರು ಸೇರಲು ಬೇರೆ ದಾರಿಯಿಲ್ಲ.

ಆಕೆ ಅಷ್ಟಕ್ಕೇ ಕೂರಲಿಲ್ಲ. "ಬೆಳಿಗ್ಗೆ ಬಸ್ಸು ಎಂಟಕ್ಕೇ ತಂದು ಬಿಡ್ತೈತೆ. ಗೇಟು ತೆಗೆಯೋವರೆಗೂ ಹುಡುಗರು ಕಟ್ಟೆ ಮೇಲೆ ಸುಮ್ನೆ ಕುಂತಿರ್ತಾರೆ. ಆಗ ಕ್ಲಾಸು ಮಾಡಾಕೆ ಏನ್ರೀ ಕಷ್ಟ?"

ಬೆಳಗಿನ ನಿದ್ದೆ ನೆನಪಾಗಿ ಪೇಟೆಯ ತಾಯಂದಿರಾದ ನಾವು ಮುಖ ಮುಖ ನೋಡಿಕೊಂಡೆವು. ಹೆಡ್ ಮಾಸ್ಟರು ಮಾತ್ರ ನಕ್ಕು, "ಸೋಮವಾರದಿಂದ ಎಂಟೂಕಾಲಿಗೇ ಕ್ಲಾಸು" ಎಂದುಬಿಟ್ಟರು.

ಈಗ ನನ್ನ ಮಗ ಸುರುಳಿ ಸುತ್ತಿದ ರೊಟ್ಟಿ ತಿನ್ನುತ್ತಲೇ ಶಾಲೆಗೆ ಓಡುತ್ತಾನೆ. "ಸೊಕ್ಕೆಯೋರು ಮೊದಲೇ ಬಂದು ಮುಂದಿನ ಬೆಂಚು ಹಿಡಿದಿರ್ತಾರಮ್ಮ" ಎಂದು ಗೊಣಗುತ್ತಾನೆ. ಹಿಡಿಯಲಿ ಬಿಡಿ. ಶಾಲೆಯ ಪಕ್ಕದ ಬೀದಿಯಲ್ಲಿದ್ದೂ ತಡವಾಗಿ ಹೋಗುವವನಿಗೆ ಹಿಂದಿನ ಬೆಂಚೇ ನ್ಯಾಯ.