ತಾಂಬೂಲದ ಚೀಲದಲ್ಲಿ ಶೂ

ಮನೆ ಖಾಲಿ ಮಾಡಲು ಬೀರು ಜಾಲಾಡುವಾಗ ಆ ಕೆಂಪು ಬಟ್ಟೆಯ ಚೀಲ ಸಿಕ್ಕಿತು. ಒಗೆದಿಟ್ಟಿದ್ದರೂ ಶೂ ಪಾಲಿಶ್ ವಾಸನೆ ಹೋಗಿರಲಿಲ್ಲ... ಎದುರು ಫ್ಲ್ಯಾಟಿನ ಆಂಟಿ ಬಂದು ನಿಂತ ಹಾಗಾಯಿತು.

ಆಂಟಿ ಅಮೆರಿಕದ ಕಪ್ಪು ಹೆಂಗಸು, ನಮ್ಮ ಹಾಗೇ ಈ ಪರದೇಶಕ್ಕೆ ಬಂದವರು, ಪುಚೊಂಗ್‌ನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಮ್ಮೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದು, ಬ್ರಿಕ್‌ಫೀಲ್ಡ್ಸ್‌ನ ಭಾರತೀಯರ ಅಂಗಡಿಯಿಂದ ತಂದ ಈ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಇಟ್ಟು ಕೊಟ್ಟಿದ್ದೆ. ಮುಂದಿನ ಸಲ ಬಂದಾಗ ನೋಡುತ್ತೇನೆ, ಬಾಗಿಲಲ್ಲಿ ಬಿಚ್ಚಿದ ಶೂಗಳನ್ನು ಅದರಲ್ಲೇ ಹಾಕಿಕೊಂಡು ಒಳಗೆ ಬಂದು ತೊಡೆಯ ಮೇಲಿಟ್ಟುಕೊಂಡರು! ತಾಂಬೂಲದ ಚೀಲಕ್ಕೆ ಶೂ! ನನ್ನ ಮೈಸೂರಿನ ಮಡಿಯೆಲ್ಲ ಎದ್ದು ಕೂತಿತು.

“ಹೊರಗೇ ಬಿಡಿ ಲಾ ಆಂಟಿ, ಇಲ್ಲಿ ಯಾರೂ ಕದಿಯಲ್ಲ,” ಎಂದೆ, ಈ ಊರಿನವರ ‘ಲಾ’ ಸೇರಿಸಿ.

ಅವರು ನಗದೆ ತಮ್ಮ ಚಿಕ್ಕಂದಿನ ಕತೆ ಹೇಳಿದರು. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದು ಅವರ ದೇಶದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, ಊರಿನ ಬಿಳಿಯರ ಶಾಲೆಗೆ ಮೊದಲು ಕಾಲಿಟ್ಟ ಕೆಲವೇ ಮಕ್ಕಳಲ್ಲಿ ಇವರೊಬ್ಬರಂತೆ. ಗೆದ್ದೆವೆಂದು ಅಪ್ಪ ಹೊಸ ಶೂ ಕೊಡಿಸಿದ್ದರು. ಆಟದ ಪೀರಿಯಡ್ಡಿನಲ್ಲಿ ಬಿಚ್ಚಿಟ್ಟವು ಮತ್ತೆ ಸಿಗಲಿಲ್ಲ. ಗೇಟಿನಾಚೆ ದೊಡ್ಡವರೇ ಗುಂಪುಗೂಡಿ ಕಿರುಚುತ್ತಿದ್ದರು, ಉಗಿಯುತ್ತಿದ್ದರು. ಆ ಗುಂಪಿನ ನಡುವೆ ಬರಿಗಾಲಲ್ಲಿ...

“ಓಡಬೇಕಾದ್ರೆ ಶೂ ಬೇಕಲ್ಲ ಮಗೂ,” ಎಂದು ಚೀಲ ಒತ್ತಿ ಹಿಡಿದರು. ನಾನು ಮಡಿ ಮರೆತು, ಆ ಮಾತು ಮತ್ತೆ ಎತ್ತಲಿಲ್ಲ.

ಆಂಟಿ ತಮ್ಮ ಊರಿಗೆ ಹೊರಟಾಗ ಚೀಲ ಒಗೆದು ಕೊಟ್ಟರು. “ತಂಗಿ ಮನೇಲಿರ್ತೀನಿ, ಅಲ್ಲಿ ಇದು ಬೇಡ,” ಎಂದರು. ಆಮೇಲೆ ತೀರಿಕೊಂಡ ಸುದ್ದಿಯಷ್ಟೇ ಬಂತು.

ಈಗ ಓನರ್ ನಮ್ಮ ಫ್ಲ್ಯಾಟ್ ಮಾರಿದ್ದಾರೆ. ತಿಂಗಳೊಳಗೆ ಬೇರೆ ಮನೆ ಸಿಗಬೇಕು. ಫೋನ್ ಮಾಡಿದರೆ ಬಾಡಿಗೆಯ ಮಾತಿಗೂ ಮೊದಲು “ಇಂಡಿಯನ್ ಆ?” ಎನ್ನುತ್ತಾರೆ. ಹೌದೆಂದರೆ ಲೈನ್ ಕಟ್.

ನಿನ್ನೆ ಪಕ್ಕದ ಪೆಟಾಲಿಂಗ್ ಜಯಾದಲ್ಲಿ ಒಂದು ಮನೆ ನೋಡಲು ಹೋದೆವು. ಕಬ್ಬಿಣದ ಬಾಗಿಲು ಅರ್ಧವೇ ತೆಗೆದ ಯಜಮಾನಿ ನನ್ನನ್ನೂ ಮಗಳನ್ನೂ ಮೇಲಿಂದ ಕೆಳಗೆ ನೋಡಿದರು. ಪಕ್ಕಕ್ಕೆ ಸರಿಯಲಿಲ್ಲ. ಕೊನೆಗೆ, “ಐದು ನಿಮಿಷ ನೋಡಿ,” ಎಂದರು.

“ಅಮ್ಮಾ, ವೈ ಆರ್ ಯು ಬ್ರಿಂಗಿಂಗ್ ದ ಶೂಸ್ ಇನ್?”

ಮಗಳು ಕೇಳಿದಾಗಲೇ ನೋಡಿಕೊಂಡೆ. ಬಾಗಿಲಲ್ಲಿ ಬಿಚ್ಚಿದ ನನ್ನ ಚಪ್ಪಲಿ, ಅವಳ ಶಾಲೆಯ ಶೂ, ಎರಡೂ ನನ್ನ ಕೈಯಲ್ಲಿದ್ದವು. ಆಂಟಿ ಇದ್ದಿದ್ದರೆ, ಮಗಳಿಗೆ ಏನು ಹೇಳಲೆಂದು ಅವರನ್ನೇ ಕೇಳುತ್ತಿದ್ದೆ. ಅವಳ ಶೂ ಅವಳ ಕೈಗೇ ಕೊಟ್ಟು, ಗಟ್ಟಿಯಾಗಿ ಹಿಡಿದುಕೋ ಎಂದೆ.