ಕೆಂಪಿಯ ಕಣ್ಣ ಕೆಳಗಿನ ಸುಳಿ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಅಂಗಳ ಗುಡಿಸುತ್ತಿದ್ದಾಗ ನನ್ನ ಎಡಗಣ್ಣಿನ ಮುಂದೆ ಕರಿ ಪರದೆ ಇಳಿದಂತಾಯಿತು. ಕಣ್ಣುಜ್ಜಿದೆ, ಕನ್ನಡಕ ಒರೆಸಿದೆ, ಹೋಗಲಿಲ್ಲ. ಶಿವಮೊಗ್ಗಕ್ಕೆ ಓಡಿದೆವು. ಡಾಕ್ಟರು ಪರೀಕ್ಷೆ ಮಾಡಿ, "ಕಣ್ಣಿನ ಹಿಂದಿನ ಪದರ ಕಳಚಿಕೊಂಡಿದೆ. ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ ಹಾಕುವವರಲ್ಲಿ ಹೀಗಾಗುವುದುಂಟು. ತಡ ಮಾಡದೆ ಆಪರೇಷನ್ ಆಗಬೇಕು" ಎಂದರು. ಅವರು ಇಷ್ಟು ಬಿಡಿಸಿ ಹೇಳುವಾಗ ನನ್ನ ಗಂಡ ಮತ್ತು ಗಂಡನ ಅಣ್ಣ, ಅಂದರೆ ನಮ್ಮ ಭಾವ, ಇಬ್ಬರೂ ಪಕ್ಕದಲ್ಲೇ ನಿಂತು ತಲೆಯಾಡಿಸಿದರು. ಇದನ್ನು ಬೇಕೆಂದೇ ಮೊದಲು ಬರೆಯುತ್ತಿದ್ದೇನೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮತ್ತೆ ಕುದುರೆ ಹತ್ತಬಹುದಾ ಡಾಕ್ಟ್ರೇ?" ಅವರು ನಕ್ಕರು. ತಮಾಷೆ ಎಂದುಕೊಂಡಿರಬೇಕು.

ನನ್ನ ತವರು ಸೊರಬ ತಾಲ್ಲೂಕಿನ ಕುಬಟೂರು. ನಮ್ಮ ತಾತ ಹಳ್ಳಿಯಿಂದ ಹಳ್ಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದುದು ಕುದುರೆ ಮೇಲೆ. ಅಪ್ಪಾಜಿ ಆ ರೂಢಿ ಬಿಡಲಿಲ್ಲ, ನನಗೂ ಕಲಿಸಿದರು. ಅವರು ತೀರಿಕೊಂಡ ಮೇಲೆ ಅವರ ಕೊನೆಯ ಕುದುರೆ ಕೆಂಪಿಯನ್ನು ನಾನು ಶಿಕಾರಿಪುರದ ಗಂಡನ ಮನೆಗೆ ತಂದೆ. ಚೂಡಿದಾರ ತೊಟ್ಟು ಬೆಳಗ್ಗೆ ಕೆರೆ ಏರಿಯ ಮೇಲೆ ಕುದುರೆ ಓಡಿಸುವ ಸೊಸೆಯನ್ನು ಕಂಡು ಓಣಿಯವರು ಮೊದಮೊದಲು ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ರೂಢಿಯಾಯಿತು.

ಕೆಂಪಿಯ ಬಲಗಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು ಬೆಳೆದ ಒಂದು ಸುಳಿ ಇತ್ತು. ನಮ್ಮ ಕಡೆ ಎತ್ತು, ಹೋರಿ, ಕುದುರೆ ಏನೇ ತಂದರೂ ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಸುಳಿ ನೋಡುತ್ತಾರೆ. ಕಣ್ಣ ಕೆಳಗೆ ಇದ್ದರೆ ಅದು ಕಣ್ಣೀರ ಸುಳಿ. ಸಾಕಿದವರ ಮನೆಯಲ್ಲಿ ಕಣ್ಣೀರು ತಪ್ಪುವುದಿಲ್ಲವಂತೆ. ಅಪ್ಪಾಜಿ ಇದನ್ನು ಕೇಳಿ ನಗುತ್ತಿದ್ದರು. "ಸುಳಿ ಹುಡುಕೋರು ಕುದುರೆ ಎಲ್ಲಿ ನೋಡ್ತಾರೆ" ಎನ್ನುತ್ತಿದ್ದರು.

ಆಪರೇಷನ್ ಆದ ಮೇಲೆ ಶಿವಮೊಗ್ಗದಲ್ಲೇ ಅಕ್ಕನ ಮನೆಯಲ್ಲಿ ಉಳಿದೆ. ಹಗಲೂ ರಾತ್ರಿ ಮುಖ ಕೆಳಗೆ ಮಾಡಿ ಮಲಗಬೇಕು. ಊಟಕ್ಕೂ ತಲೆ ಎತ್ತುವಂತಿಲ್ಲ. ಗಂಡ ಫೋನ್ ಮಾಡಿದಾಗಲೆಲ್ಲ ಕೆಂಪಿಯ ಸುದ್ದಿ ಕೇಳುತ್ತಿದ್ದೆ. "ಚೆನ್ನಾಗಿದಾಳೆ, ನೀನು ಸುಮ್ನೆ ಮಲ್ಕೋ" ಎನ್ನುತ್ತಿದ್ದರು.

ದೀಪಾವಳಿಗೆ ಮುಂಚೆ ಮನೆಗೆ ಬಂದೆ. ಕಾರಿನಿಂದ ಇಳಿದವಳೇ ಹಿತ್ತಲಿಗೆ ಹೋದೆ. ಲಾಯದಲ್ಲಿ ಸಿಮೆಂಟ್ ಚೀಲ ಪೇರಿಸಿದ್ದರು.

"ಕೆಂಪಿ ಎಲ್ರೀ?" ಎಂದು ಗಂಡನನ್ನು ಕೇಳಿದೆ.

"ಮೊದ್ಲು ಒಳಗೆ ಬಾ, ಕಾಫಿ ಕುಡಿ" ಎಂದರು.

ಉತ್ತರ ಕೊಟ್ಟವರು ಭಾವ. ಅವರಿಗೆ ಸಂಕೋಚವೇನೂ ಇರಲಿಲ್ಲ. "ಅದ್ರ ಕಣ್ಣ ಕೆಳಗೆ ಕಣ್ಣೀರ ಸುಳಿ ಐತವ್ವ. ಅದು ಮನೇಲಿದ್ರೆ ನಿನ್ನ ಇನ್ನೊಂದು ಕಣ್ಣೂ ಉಳೀತಿರಲಿಲ್ಲ. ಸೊರಬದ ಉಳವಿ ಕಡೆ ಪರಿಚಯದವ್ರಿಗೆ ಕೊಟ್ಬಿಟ್ವಿ. ನಿನ್ನ ಒಳ್ಳೇದಕ್ಕೇ ಮಾಡಿದ್ದು."

"ನನ್ನನ್ನ ಒಂದು ಮಾತು ಕೇಳಿದ್ರಾ ಭಾವ?"

"ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ದೆ. ನಿನ್ನ ಏನಂತ ಕೇಳೋದು?"

"ಕಿವಿಗೆ ಪಟ್ಟಿ ಕಟ್ಟಿರಲಿಲ್ವಲ್ಲ."

ಆ ಮನೆಯಲ್ಲಿ ನಾನು ಭಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. "ನನ್ನ ಕಣ್ಣು ತಿಂದ ಕುದುರೆ ಅವ್ರ ಮನೆ ಮಕ್ಕಳ ಕಣ್ಣು ತಿನ್ನಲ್ವಾ? ನಮ್ಮ ಕೇಡನ್ನ ಅವ್ರಿಗೆ ದಾಟಿಸಿದ್ರಾ?"

"ಹಂಗೆ ಮಾಡ್ತೀವಾ? ಸುಳಿ ಸುಟ್ಬಿಡ್ರಿ, ದೋಷ ಹೋಗ್ತತಿ ಅಂತ ಅವ್ರಿಗೆ ಫೋನ್ ಮಾಡಿ ಹೇಳೀನಿ" ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಕಣ್ಣಿನಿಂದ ಒಂದು ಬೆರಳು ಕೆಳಗಿರುವ ಸುಳಿಯನ್ನು ಕಾದ ಕಬ್ಬಿಣದಿಂದ ಸುಡುವುದು! ಕಾಫಿ ಮುಟ್ಟದೆ ಗಂಡನನ್ನು ಎಬ್ಬಿಸಿಕೊಂಡು ಉಳವಿಗೆ ಹೊರಟೆ. ದಾರಿಯುದ್ದಕ್ಕೂ ಇನ್ನೂ ಸುಟ್ಟಿರದಿರಲಿ ಎಂದು ಬೇಡಿಕೊಂಡೆ.

ಸುಟ್ಟಾಗಿತ್ತು. ಕೊಟ್ಟಿಗೆಯಲ್ಲಿ ಕೆಂಪಿ ನನ್ನ ದನಿ ಕೇಳಿ ಕಿವಿ ನಿಮಿರಿಸಿದಳು. ಬಲಗಡೆ ನಿಂತಿದ್ದ ನನ್ನನ್ನು ನೋಡಲು ಕತ್ತನ್ನು ಪೂರಾ ತಿರುಗಿಸಿ ಎಡಗಣ್ಣು ತಂದಳು. ಬಲಗಣ್ಣು ಊದಿ ಮುಚ್ಚಿತ್ತು, ಅದರ ಕೆಳಗೆ ಚರ್ಮ ಕಿತ್ತು ಬಂದಿತ್ತು.

ಆ ಮನೆಯ ಯಜಮಾನ ಕೆರಿಯಪ್ಪ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ. "ನಿಮ್ಮನೆಯೋರೇ ಹೇಳಿರು ತಾಯಿ. ಮನೇಲಿ ಸಣ್ಣ ಮಕ್ಕಳು ಇದಾವೆ, ನಮಗೂ ಹೆದ್ರಿಕೆ ಆತು. ಹಗ್ಗ ಹಾಕಿ ಕೆಡವಿದ್ವಿ. ಸಲಾಕೆ ಇಡೋ ಹೊತ್ತಿಗೆ ತಲೆ ಕೊಡವಿಬಿಡ್ತು." ಅವನು ಗಾಯಕ್ಕೆ ಅರಿಶಿನ, ಬೇವಿನೆಣ್ಣೆ ಹಚ್ಚಿ, ನೊಣ ಬರದಂತೆ ಕೊಟ್ಟಿಗೆ ಬಾಗಿಲಿಗೆ ಗೋಣಿ ಕಟ್ಟಿ ನೋಡಿಕೊಂಡಿದ್ದ. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಹೆದರಿಕೆಯನ್ನು ಅವನ ಮನೆಗೆ ಕಳಿಸಿದವರು ನಾವೇ ಅಲ್ಲವೇ?

ನಾನು ಅಲ್ಲೇ ಕೂತು ಅತ್ತೆ. "ಅಳಬೇಡ, ಕಣ್ಣಿಗೆ ತೊಂದ್ರೆ ಆಗ್ತದೆ" ಎಂದರು ಗಂಡ. ಜೀವಮಾನದಲ್ಲಿ ಅವರಿಗೆ ಅಷ್ಟು ಬೈದದ್ದು ಅವತ್ತೇ. ಏನು ಬೈದೆ ಎಂದು ಇಲ್ಲಿ ಬರೆಯುವಂತಿಲ್ಲ.

ಪಿಕಪ್ ಗಾಡಿ ಮಾಡಿ ಕೆಂಪಿಯನ್ನು ಮನೆಗೆ ತಂದೆ. ಸಿಮೆಂಟ್ ಚೀಲಗಳನ್ನು ಗಂಡನೇ ಹೊತ್ತು ಹೊರಗೆ ಹಾಕಿದರು. ದನದ ಡಾಕ್ಟರು ಬಂದು ನೋಡಿ, ಗಾಯ ಮಾಯುತ್ತದೆ, ಆ ಕಣ್ಣು ಮಾತ್ರ ಬರುವುದಿಲ್ಲ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕವಳಿದ್ದಾಗ ಕೇಳಿ ನಕ್ಕಿದ್ದೆ. ಪದವಿ ಓದಿದವರಿರುವ ನಮ್ಮ ಮನೆಯಲ್ಲೇ ಅದು ನಡೆದುಹೋಯಿತು.

ಸಂಕ್ರಾಂತಿ ಕಳೆದ ಮೇಲೆ ನನ್ನ ಕಣ್ಣಿನ ಡಾಕ್ಟರು, "ಓಡಿಸಬೇಡಿ, ಬೇಕಾದರೆ ನಿಧಾನ ನಡಿಗೆಯಲ್ಲಿ ಹೋಗಿ" ಎಂದು ಒಪ್ಪಿದರು. ಮರುದಿನವೇ ಜೀನು ಹಾಕಿದೆ. ಯಾವುದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ನನಗೆ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಮೊದಲ ಸಲ ಹತ್ತುವಾಗ ಪಾದ ಇಡುವ ರಿಕಾಪು ಸಿಗದೆ ಕಾಲು ಜಾರಿತು. ಕೆಂಪಿ ಅಲುಗದೆ ನಿಂತಳು. ಏರಿಯ ಮೇಲೆ ಬಲಗಡೆಯಿಂದ ಏನು ಬಂದರೂ ಅವಳು ಬೆಚ್ಚುತ್ತಿದ್ದಳು. ಅದಕ್ಕೆ ನಾನೇ ಬಾಯಲ್ಲಿ ಹೇಳುತ್ತಾ ಹೋದೆ. "ಸೈಕಲ್ ಕಣೇ. ನಾಯಿ ಕಣೇ, ಏನೂ ಮಾಡಲ್ಲ." ಅವಳ ಕಿವಿ ನನ್ನ ಕಡೆಗೇ ತಿರುಗಿತ್ತು. ತಿಂಗಳುಗಳ ಮೇಲೆ ಅಷ್ಟು ಎತ್ತರದಿಂದ ಕೆರೆಯ ನೀರು ನೋಡಿದೆ. ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಕೆರೆಯಲ್ಲಿ ಹೋರಿ ಈಜಿಸಲು ಬಂದಿದ್ದ ಒಬ್ಬಾತ ಏರಿ ಹತ್ತಿ ಬಂದ. ಗುರುತಿನವನಲ್ಲ. "ಅಕ್ಕಾರೆ, ಕುದುರೆ ಸುಳಿ ಸುಟ್ಟ ಮೇಲೇ ನಿಮ್ಮ ಕಣ್ಣು ಬಂತಂತಲ್ರೀ. ನಿಮ್ಮ ಭಾವಾರು ಹೇಳ್ತಿದ್ರು. ನಮ್ಮ ಹೋರಿಗೂ ಅಲ್ಲೇ ಸುಳಿ ಐತೆ. ಯಾರ ಹತ್ರ ಸುಡಿಸಿದ್ರಿ?"

ನಾನು ಕೆಳಗಿಳಿದೆ. ಲಗಾಮು ಹಿಡಿದು ಕೆಂಪಿಯ ಮುಖವನ್ನು ಅವನ ಕಡೆ ತಿರುಗಿಸಿದೆ. "ಇದನ್ನ ನೋಡಪ್ಪ" ಎಂದೆ. ಬೆಳ್ಳಗಾದ ಆ ಕಣ್ಣು ನೋಡಿ ಅವನು ಲೊಚಗುಟ್ಟಿದ. ನನ್ನ ಕಣ್ಣು ಉಳಿದದ್ದು ಆಪರೇಷನ್ನಿಂದ, ಅದೂ ಸುಳಿ ಸುಡುವ ಮುಂಚೆಯೇ ಆಗಿತ್ತು ಎಂದು ಎಲ್ಲ ಬಿಡಿಸಿ ಹೇಳಿದೆ. ಪಾಪ, ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಎಲ್ಲ ಖರೇನರೀ. ಆದ್ರೂ ನಿಮಗೆ ಕಣ್ಣು ಬಂತಲ್ರಿ" ಎಂದು ಹೋರಿ ಹೊಡೆದುಕೊಂಡು ಹೋದ.

ಡಾಕ್ಟರು ಉಳಿಸಿಕೊಟ್ಟ ನನ್ನ ಕಣ್ಣೇ ಈಗ ಊರಿನಲ್ಲಿ ಭಾವನ ಪರವಾಗಿ ಸಾಕ್ಷಿ ಹೇಳುತ್ತಿದೆ. ಆದದ್ದು ಆಯಿತು, ಸಿಟ್ಟು ಬಿಡು ಎನ್ನುತ್ತಾರೆ ಮನೆಯಲ್ಲಿ. ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕೆಂಪಿಯನ್ನು ಹತ್ತಿ ಈಗಲೂ ದಿನಾ ಬೆಳಗ್ಗೆ ಏರಿ ಮೇಲೆ ಹೋಗುತ್ತೇನೆ. ಆತ ಮತ್ತೆ ಹೋರಿ ಹೊಡೆದುಕೊಂಡು ಕೆರೆಗೆ ಬಂದದ್ದನ್ನು ಇವತ್ತಿನವರೆಗೆ ನೋಡಿಲ್ಲ. ಸುಳಿ ಸುಡಿಸಿಬಿಟ್ಟನೋ, ಆ ಹೋರಿಯ ಕಣ್ಣು ಉಳಿಯಿತೋ ಗೊತ್ತಿಲ್ಲ.